ಪರ್ಸಿನಲ್ಲಿದ್ದ ಕರಡಿಗೆ

ಚನ್ನಗಿರಿ ಪೇಟೆಯಲ್ಲಿ ವಿಜಯಶ್ರೀಯನ್ನು ಒಳ್ಳೆಯ ಸೊಸೆ ಎಂದು ಹೊಗಳದವರಿಲ್ಲ. ಹೊಗಳಲು ಯಾರಿಗೇನು ಖರ್ಚು? ಅಡಿಕೆ ಮಂಡಿಯ ಗುರುಬಸವರಾಜನ ಹೆಂಡತಿ, ನ್ಯಾಮತಿಯ ಹೆಣ್ಣುಮಗಳು, ತಲೆ ಎತ್ತಿ ನಡೆದವಳಲ್ಲ, ಅತ್ತೆಗೆ ಒಂದು ಎದುರು ಮಾತು ಆಡಿದವಳಲ್ಲ. ಆಡದೆ ಉಳಿದ ಮಾತುಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಊರು ಯೋಚಿಸುವುದಿಲ್ಲ. ವಿಜಯಶ್ರೀಯ ಮಾತುಗಳು ಎಲ್ಲಿಗೂ ಹೋಗಿರಲಿಲ್ಲ, ಇದ್ದಲ್ಲೇ ಹುಳಿಯುತ್ತಿದ್ದವು.

ಅತ್ತೆ ಸಾವಂತ್ರಮ್ಮನಿಗೆ ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗಿತ್ತು, ನಾಲಿಗೆ ಅದಕ್ಕಿಂತ ನೆಟ್ಟಗಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಎದೆಯ ಮೇಲೆ ತೂಗುವ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡಗೈಯಲ್ಲಿಟ್ಟು ಪೂಜೆ ಮಾಡುವ ತನಕ ಒಂದು ತೊಟ್ಟು ನೀರು ಮುಟ್ಟುವವಳಲ್ಲ. ಆ ಮನೆಯಲ್ಲಿ ಎಲ್ಲರಿಗೂ ಅದೇ ರೂಢಿ. ಬೇರೆ ಮನೆಗಳಲ್ಲಾದರೆ ಜ್ವರ ಬಂದಾಗ, ಪರವೂರಿಗೆ ಹೋದಾಗ ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳುತ್ತಾರೆ. ಸಾವಂತ್ರಮ್ಮನ ಹತ್ತಿರ ಆ ಆಟ ನಡೆಯದು. ಲಿಂಗ ಮೈಮೇಲಿಲ್ಲದವರ ಬಾಯಿಗೆ ನೀರು ಹೋಗಬಾರದು, ಹೋದರೆ ಮನೆ ಉಳಿಯುವುದಿಲ್ಲ. ಇದು ಅವಳ ಕಾನೂನು. ಈ ಕಾನೂನಿಗೆ ವಿಜಯಶ್ರೀ ಒಂದು ಮಗುವನ್ನು ಕೊಟ್ಟಿದ್ದಳು.

ಮದುವೆಯಾದ ಹೊಸತು, ಆರು ತಿಂಗಳ ಬಸುರಿ. ತವರಿನಿಂದ ಬರುವಾಗ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿದಳು. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಆ ನೂಕುನುಗ್ಗಲಿನಲ್ಲಿ ಲಿಂಗ ಕಟ್ಟಿದ ಶಿವದಾರ ಯಾವಾಗ ಕಡಿಯಿತೋ, ಕರಡಿಗೆ ಎಲ್ಲಿ ಬಿತ್ತೋ. ಮನೆಗೆ ಬಂದು ಎದೆ ಮುಟ್ಟಿಕೊಂಡರೆ ಬರಿದು. ಬೇರೆ ಲಿಂಗ ಕಟ್ಟಬೇಕಾದ ಅಯ್ಯನವರು ಜಗಳೂರಿನ ಕಡೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಚೈತ್ರದ ಬಿಸಿಲು ಹಂಚು ಸೀಳುತ್ತಿತ್ತು.

"ಅಯ್ನೋರು ಬರೋ ತನಕ ತಡಕೋಬೇಕು. ಬ್ಯಾರೆ ದಾರಿ ಇಲ್ಲ," ಎಂದಳು ಸಾವಂತ್ರಮ್ಮ.

ಗುರುಬಸವರಾಜ ಮಂಡಿಗೆ ಹೊರಟಿದ್ದವನು ಬಾಗಿಲಲ್ಲಿ ನಿಂತು, "ಅವ್ವ ಹೇಳಿದಂಗೆ ಮಾಡು," ಎಂದು ಚಪ್ಪಲಿ ಮೆಟ್ಟಿದ. ಮಂಡಿಯಲ್ಲಿ ಫೋನಿತ್ತು. ಅಯ್ಯನವರನ್ನು ಒಂದು ಮಾತು ಕೇಳಬಹುದು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕತ್ತಲಾದ ಮೇಲೆ ಸಾವಂತ್ರಮ್ಮ ತಾಮ್ರದ ಚೊಂಬಿನ ತುಂಬ ನೀರು ತಂದು ಸೊಸೆಯ ತಲೆದಿಂಬಿನ ಪಕ್ಕದಲ್ಲಿಟ್ಟಳು. ಏನೂ ಹೇಳಲಿಲ್ಲ. ದೀಪ ಆರಿಸಿ, ಬಾಗಿಲು ಎಳೆದುಕೊಂಡು ಹೋದಳು. ಬೆಳಗಾಗುತ್ತಲೇ ಬಂದು ಚೊಂಬಿನೊಳಗೆ ಇಣುಕಿ ನೋಡಿ, ಮುಖ ಗಂಟಿಕ್ಕಿಕೊಂಡು ಎತ್ತಿಕೊಂಡು ಹೋದಳು. ಮರುದಿನವೂ ಹಾಗೇ ಇಟ್ಟಳು, ಹಾಗೇ ನೋಡಿದಳು. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ, ಕಣ್ಣೆದುರಿಗೆ ನೀರಿಟ್ಟು ಹೊಟ್ಟೆ ಉರಿಸುತ್ತಿದ್ದಾಳೆ ಎಂದು ವಿಜಯಶ್ರೀ ತಿಳಿದಳು. ಸೋಲಬಾರದೆಂದು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಅಯ್ಯನವರು ಬಂದು ಹೊಸ ಲಿಂಗ ಕಟ್ಟುವ ಹೊತ್ತಿಗೆ ಹೊಟ್ಟೆನೋವು ಶುರುವಾಗಿತ್ತು. ದಾವಣಗೆರೆಗೆ ಸಾಗಿಸಿದರು. ಗಂಡುಮಗು, ಉಸಿರಿರಲಿಲ್ಲ. "ಈ ಹುಡುಗಿ ಮೈಯಲ್ಲಿ ನೀರೇ ಇಲ್ವಲ್ರೀ," ಎಂದು ಡಾಕ್ಟರಮ್ಮ ರೇಗಿದಳು. ಸಾವಂತ್ರಮ್ಮ ಸೆರಗು ಸರಿಮಾಡಿಕೊಂಡು, "ಲಿಂಗ ಕಳಕೊಂಡ್ರೆ ಸುಮ್ನೆ ಬಿಡ್ತದಾ," ಎಂದಳು.

ಆಮೇಲೆ ಶಾಂತಲಾ ಹುಟ್ಟಿದಳು, ಬೆಳೆದಳು, ಕಾಲೇಜಿಗೂ ಸೇರಿದಳು. ಆ ಗಂಡುಮಗುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಲಿಂಗ ಕಳೆದ ಮಾತನ್ನು ಮಾತ್ರ ಸಾವಂತ್ರಮ್ಮ ನೆಂಟರು ಬಂದಾಗಲೆಲ್ಲ ಎತ್ತುತ್ತಿದ್ದಳು. ವಿಜಯಶ್ರೀ ಒಂದೇ ಒಂದು ನಂಬಿಕೆ ಹಿಡಿದು ಬದುಕಿದಳು. ಅತ್ತೆ ಕಲ್ಲು, ಆದರೆ ಸುಳ್ಳಲ್ಲ. ತನ್ನ ಜಾಗದಲ್ಲಿ ಅವಳಿದ್ದರೂ ಹಾಗೇ ನಾಲಿಗೆ ಕಚ್ಚಿಕೊಂಡು ಬಿದ್ದಿರುತ್ತಿದ್ದಳು. ಮಗು ಹೋದದ್ದು ತಮ್ಮಿಬ್ಬರಿಗಿಂತ ದೊಡ್ಡದೊಂದಕ್ಕೆ. ಇಷ್ಟನ್ನು ನಂಬದಿದ್ದರೆ ಆ ಮನೆಯ ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಘಾಟಿಯ ರೈಲು ನೋಡಬೇಕೆಂದು ಹಟ ಹಿಡಿದವಳು ಶಾಂತಲಾ. ಸಕಲೇಶಪುರದಿಂದ ಕೆಳಗಿಳಿಯುವ ರೈಲಿನ ವಿಡಿಯೋ ತೋರಿಸಿ ತೋರಿಸಿ ಅಪ್ಪನ ತಲೆ ತಿಂದಳು. ಅಡಿಕೆ ಕೊಯ್ಲಿಗೆ ಇನ್ನೂ ಹೊತ್ತಿತ್ತು, ಮಂಡಿಯಲ್ಲಿ ಕೆಲಸ ಕಡಿಮೆ. "ಅವ್ವನೂ ಬರ್ಲಿ, ಯಾವತ್ತು ನೋಡ್ಯಾಳೆ ಗುಡ್ಡಾನ," ಎಂದ ಗುರುಬಸವರಾಜ. ವಿಜಯಶ್ರೀಯೂ ಯಾವತ್ತೂ ನೋಡಿರಲಿಲ್ಲ. ಅದು ಅವನ ತಲೆಗೆ ಬರಲಿಲ್ಲ.

ಒಂದು ಭಾನುವಾರ ಕಪ್ಪುಕತ್ತಲಲ್ಲೇ ಕಾರು ಹತ್ತಿ ಅರಸೀಕೆರೆಗೆ ಬಂದರು. ಡ್ರೈವರು ರಸ್ತೆಯ ಮೇಲೆ ಹೋಗಿ ಘಾಟಿಯ ಕೆಳಗೆ ಸುಬ್ರಹ್ಮಣ್ಯದ ಸ್ಟೇಷನ್ನಿನಲ್ಲಿ ಕಾಯುವುದೆಂದು ಮಾತಾಗಿತ್ತು. ಉಳಿದವರು ಮನೆಯಲ್ಲೇ ಪೂಜೆ ಮುಗಿಸಿದ್ದರು, ಸಾವಂತ್ರಮ್ಮ ಸ್ನಾನ ಮಾತ್ರ ಮುಗಿಸಿದ್ದಳು. "ಅವಸರದ ಪೂಜೆ ಬ್ಯಾಡ. ರೈಲಿನಾಗೆ ಕುಂತು ಸಮಾಧಾನವಾಗಿ ಮಾಡ್ತೀನಿ," ಎಂದು ವಿಭೂತಿ, ಪತ್ರೆ ಚೀಲದಲ್ಲಿಟ್ಟುಕೊಂಡಿದ್ದಳು.

ರೈಲು ಬಂತು. ರಜೆಯ ಜನ ಬಾಗಿಲಿಗೆ ಮುತ್ತಿಕೊಂಡರು. ಮೊದಲು ಗುರುಬಸವರಾಜ ತಾಯಿಯನ್ನು ಎಳೆದು ಹತ್ತಿಸಿದ, ಹಿಂದೆ ಶಾಂತಲಾ, ಕೊನೆಗೆ ಊಟದ ಬುಟ್ಟಿ ಹೊತ್ತ ವಿಜಯಶ್ರೀ. ಮೆಟ್ಟಿಲು ಹತ್ತಿ ಒಳಗೆ ಕಾಲಿಡುವಾಗ ಅವಳ ಕಣ್ಣಿಗೆ ಬಿತ್ತು. ಬಾಗಿಲ ಪಕ್ಕದಲ್ಲಿ, ಕೆಸರು ಕಾಲುಗಳ ನಡುವೆ, ಕಡಿದ ದಾರದ ಸಮೇತ ಅತ್ತೆಯ ಬೆಳ್ಳಿ ಕರಡಿಗೆ. ಯಾರದೋ ಬೂಟು ಅದರ ಮೇಲೆ ಬೀಳುವುದರೊಳಗೆ ಬಾಗಿ ಬಾಚಿಕೊಂಡಳು. ತುಳಿದುಬಿಟ್ಟಿದ್ದರೆ ಗತಿಯೇನಿತ್ತು ಎಂದು ಕಣ್ಣಿಗೊತ್ತಿಕೊಂಡಳು. ಕೊಡಬೇಕೆಂದೇ ಸೀಟಿನ ಹತ್ತಿರ ಬಂದು, "ಅತ್ತೆ," ಎಂದಳು.

ಕಿಟಕಿ ಪಕ್ಕ ಕೂತ ಸಾವಂತ್ರಮ್ಮ ತಿರುಗಿಯೂ ನೋಡಲಿಲ್ಲ. "ಚೀಲ ಎಲ್ಲಾ ಬಂದ್ವೇನೇ? ಎಣಿಸ್ಕೋ," ಎಂದವಳು, ಅತ್ತ ಸಾಲಿನಲ್ಲಿದ್ದ ಗುರುತಿಲ್ಲದ ಹೆಂಗಸಿನ ಕಡೆ ಕೈ ಬೀಸಿ, "ನಮ್ಮ ಸೊಸೆ ಕಣ್ರೀ. ಕಳೆಯೋದ್ರಾಗೆ ಎತ್ತಿದ ಕೈ. ಹೊನ್ನಾಳಿ ಬಸ್ಸಿನಾಗೆ ಲಿಂಗಾನೇ ಕಳಕೊಂಡು ಬಂದೋಳು," ಎಂದಳು. ಆ ಹೆಂಗಸು ವಿಜಯಶ್ರೀಯನ್ನು ಕಾಲಿನಿಂದ ತಲೆತನಕ ನೋಡಿದಳು. ಗುರುಬಸವರಾಜ ನಕ್ಕ.

ವಿಜಯಶ್ರೀ ಕರಡಿಗೆಯನ್ನು ಕರ್ಚೀಫಿನಲ್ಲಿ ಸುತ್ತಿ ಪರ್ಸಿನೊಳಗಿಟ್ಟು, ಜಿಪ್ ಎಳೆದು, ಅತ್ತೆಯ ಪಕ್ಕದಲ್ಲಿ ಕೂತಳು.

ಹಾಸನ ದಾಟಿದ ಮೇಲೆ ಸಾವಂತ್ರಮ್ಮ ಪೂಜೆಗೆಂದು ಸೆರಗಿನೊಳಗೆ ಕೈಹಾಕಿದಳು. ಕೈ ಅಲ್ಲೇ ತಡಕಾಡಿತು. ಕುತ್ತಿಗೆ, ಬೆನ್ನು, ಮಡಿಲು, ಚೀಲ. ಮುಖದ ಬಣ್ಣ ಇಳಿಯಿತು. "ಗುರೂ, ಲಿಂಗ ಇಲ್ಲಲ್ಲೋ!" ಎಂದಳು. ಗುರುಬಸವರಾಜ ಸೀಟಿನ ಕೆಳಗೆ ಮಂಡಿಯೂರಿ ಹುಡುಕಿದ, ಶಾಂತಲಾ ಮೊಬೈಲ್ ಟಾರ್ಚು ಹಿಡಿದಳು. ವಿಜಯಶ್ರೀಯೂ ಬಗ್ಗಿ ಹುಡುಕಿದಳು. ಹುಡುಕುವಾಗ ಪರ್ಸನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದಳು. ಎಂಥ ಪಾಪ ಮಾಡುತ್ತಿದ್ದೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೊಟ್ಟೆ ತಣ್ಣಗಿತ್ತು.

"ಸಿಗೋ ತನಕ ನಾನು ನೀರು ಮುಟ್ಟಲ್ಲ," ಎಂದಳು ಸಾವಂತ್ರಮ್ಮ. ಸುತ್ತ ನಾಲ್ಕು ಜನ ತಿರುಗಿ ನೋಡಿದ್ದನ್ನು ಕಂಡು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದಳು.

ಸಕಲೇಶಪುರದಲ್ಲಿ ರೈಲು ನಿಂತಾಗ ಗುರುಬಸವರಾಜ ಅಯ್ಯನವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಅತ್ತಲಿಂದ ಮುದಿದನಿ ಕೇಳಿತು. "ಗಾಬರಿ ಆಗಬ್ಯಾಡ್ರಿ ತಾಯಿ. ಸಂಜೆ ನಾನೇ ಮನೆಗೆ ಬಂದು ಬ್ಯಾರೆ ಕಟ್ತೀನಿ. ವಯಸ್ಸಾಗೈತೆ, ಶುಗರು ಬ್ಯಾರೆ ಐತೆ ನಿಮಗೆ. ಶಿವನ್ನ ನೆನಕೊಂಡು ನೀರು ಕುಡೀರಿ, ದೋಷ ಇಲ್ಲ."

"ಫೋನಿನಾಗೆ ಬರೋ ಅಪ್ಪಣೆ ನನಗೆ ಬ್ಯಾಡ್ರಿ," ಎಂದಳು ಸಾವಂತ್ರಮ್ಮ. ಅತ್ತ ಸಾಲಿನ ಹೆಂಗಸು ಕೆನ್ನೆಗೆ ಕೈ ತಟ್ಟಿಕೊಂಡಳು. ಇಷ್ಟು ನಿಷ್ಠೆಯವರು ಈಗೆಲ್ಲಿದ್ದಾರೆ ಎಂದು ಗಂಡನ ಕಿವಿಯಲ್ಲಿ ಹೇಳಿದಳು.

ವಿಜಯಶ್ರೀ ಆ ಫೋನನ್ನೇ ನೋಡುತ್ತ ಕೂತಿದ್ದಳು. ದೋಷ ಇಲ್ಲ. ಇಷ್ಟೇ ಮಾತು. ಅಂದು ಮಂಡಿಯ ಫೋನಿನಿಂದ ಯಾರಾದರೂ ಜಗಳೂರಿಗೆ ಒಂದು ಸಲ ಕೇಳಿದ್ದರೆ ಇದೇ ಮಾತು ಬರುತ್ತಿತ್ತಲ್ಲ? ಅವಳಿಗೆ ಕೂಗಬೇಕೆನ್ನಿಸಿತು. ಕೂಗದೆ, ಜಿಪ್ ಸರಿಯಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

ರೈಲು ಘಾಟಿಗೆ ಬಿತ್ತು. ಎತ್ತಿನಗಾಡಿಯ ವೇಗ, ಗಾಲಿ ಕಿರುಗುಟ್ಟುವ ಸದ್ದು. ಕಿಟಕಿಯಾಚೆ ನೆಲವೇ ಇಲ್ಲ, ಕೆಳಗೆಲ್ಲೋ ಕಾಡಿನ ತಲೆ, ಅದರ ಮೇಲೆ ಮೋಡ. ಸೇತುವೆ ಬಂದರೆ ಅಡಿಯಲ್ಲಿ ಹೊಳೆ, ಸೇತುವೆ ಮುಗಿದರೆ ಪಕ್ಕದ ಬಂಡೆಯಿಂದ ಝರಿ. ನೀರು ಬೀಳದ ಜಾಗವೇ ಇರಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಸುರಿಯುತ್ತಿತ್ತು, ಕಿಟಕಿಯ ಸರಳಿಗೆ ಸಿಡಿದು ಒಳಗೂ ಬರುತ್ತಿತ್ತು. ಒಂದು ಹನಿ ಸಾವಂತ್ರಮ್ಮನ ತುಟಿಯ ಮೇಲೆ ಬಿತ್ತು. ಅವಳು ತಟ್ಟನೆ ಸೆರಗಿನಿಂದ ಒರೆಸಿಕೊಂಡಳು. ಎಂಥ ಚಂದ ಎಂದು ಬೋಗಿಯ ಜನವೆಲ್ಲ ಬಾಯಿ ಬಿಟ್ಟು ಹೊರಗೆ ನೋಡುತ್ತಿದ್ದರೆ ವಿಜಯಶ್ರೀ ಆ ತುಟಿಯನ್ನೇ ನೋಡಿದಳು. ಹಸಿರು ಬೆಟ್ಟ ಯಾರಿಗೆ ಬೇಕಾಗಿತ್ತು? ಅವಳು ಕಾದದ್ದು ಈ ಒಣ ತುಟಿ ನೋಡಲು. ಇಷ್ಟು ವರ್ಷಕ್ಕೆ ಒಂದು ದಿನ ಅವಳಿಗೂ ಸುಖವಾಯಿತು.

ಸುರಂಗ ಬಂದಾಗಲೆಲ್ಲ ಬೋಗಿ ಗವ್ವೆನ್ನುವ ಕತ್ತಲು. ಹಗಲೆಂದು ಯಾರೂ ದೀಪ ಹಾಕಿರಲಿಲ್ಲ. ಕತ್ತಲಾದ ಕೂಡಲೇ ಹುಡುಗರು ಹೋ ಎಂದು ಕೂಗಿ ಸಿಳ್ಳೆ ಹೊಡೆಯುವರು, ಬೆಳಕಾದ ಕೂಡಲೇ ನಗುವರು. ಶಾಂತಲಾ ಅಪ್ಪನನ್ನು ಎಬ್ಬಿಸಿಕೊಂಡು ವಿಡಿಯೋ ಮಾಡಲು ಬಾಗಿಲ ಕಡೆ ಹೋದಳು. ಇತ್ತ ಅತ್ತೆ ಸೊಸೆ ಇಬ್ಬರೇ ಉಳಿದರು. ಕಾಲ ಬಳಿ ನೀರಿನ ಬಾಟಲಿ, ಊಟದ ಬುಟ್ಟಿ.

ಹೊತ್ತು ಏರಿತು. ಸಾವಂತ್ರಮ್ಮನ ಕೈಬೆರಳು ಸಣ್ಣಗೆ ನಡುಗತೊಡಗಿತು. ಹಣೆಯಲ್ಲಿ ಬೆವರು. ವಿಜಯಶ್ರೀಯ ಸುಖಕ್ಕೆ ಹೆದರಿಕೆ ಹತ್ತಿಕೊಂಡಿತು. ಹೆಚ್ಚುಕಡಿಮೆಯಾದರೆ? ಅದಕ್ಕಿಂತ ವಿಚಿತ್ರವಾದ ಇನ್ನೊಂದು ಹೆದರಿಕೆಯೂ ಒಳಗೆ ಎದ್ದಿತು. ಕುಡಿಯಬೇಡ ಅತ್ತೆ, ಏನಾದರೂ ಆಗಲಿ ನೀನು ಮಾತ್ರ ಕುಡಿಯಬೇಡ ಎಂದು ಅವಳ ಮನಸ್ಸು ಅಂಗಲಾಚುತ್ತಿತ್ತು. ಯಾಕೆಂದು ಅವಳಿಗೆ ಆಗ ತಿಳಿಯಲಿಲ್ಲ. ಸಾಕು, ಕೊಟ್ಟುಬಿಡುತ್ತೇನೆ ಎಂದುಕೊಂಡಳು. ಮುಂದಿನ ಕತ್ತಲಲ್ಲಿ ಅತ್ತೆಯ ಚೀಲದೊಳಗೆ ಮೆಲ್ಲಗೆ ಜಾರಿಸಿಬಿಟ್ಟರೆ, ಅಲ್ಲೇ ಇತ್ತು ಎಂದಾಗುತ್ತದೆ. ಕರ್ಚೀಫು ಬಿಡಿಸಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಾದಳು.

ಉದ್ದನೆಯ ಸುರಂಗ. ಕತ್ತಲು ಕವಿದು ಹುಡುಗರ ಬೊಬ್ಬೆ ಎದ್ದಿತು. ವಿಜಯಶ್ರೀ ಅತ್ತೆಯ ಮಡಿಲಲ್ಲಿದ್ದ ಚೀಲಕ್ಕೆ ಕೈ ಚಾಚಿದಳು. ಕೈಗೆ ಚೀಲ ಸಿಗಲಿಲ್ಲ. ಎತ್ತಿ ಹಿಡಿದ ಬಾಟಲಿ ತಗುಲಿತು, ಅದರ ಹಿಂದೆ ಅತ್ತೆಯ ಕುತ್ತಿಗೆ. ಅವಳ ಬೆರಳ ಗೆಣ್ಣಿನ ಕೆಳಗೆ ಆ ಮುದಿ ಗಂಟಲು ಏರಿತು, ಇಳಿಯಿತು, ಮತ್ತೆ ಏರಿತು. ಗಟಗಟನೆ, ಕರು ಕುಡಿದಂತೆ ಕುಡಿಯುತ್ತಿದ್ದಳು ಸಾವಂತ್ರಮ್ಮ. ಕೈ ತಗುಲಿದ್ದೇ ಗಂಟಲು ನಿಂತಿತು. ವಿಜಯಶ್ರೀಯ ಕೈಯೂ ನಿಂತಿತು.

ರೈಲು ಬೆಳಕಿಗೆ ಬಂತು. ಸಾವಂತ್ರಮ್ಮನ ಗದ್ದದಿಂದ ನೀರು ಇಳಿದು ಸೆರಗು ಒದ್ದೆಯಾಗಿತ್ತು. ವಿಜಯಶ್ರೀಯ ಮುಷ್ಟಿ ಬಿಚ್ಚಿಕೊಂಡಿತ್ತು, ಅದರಲ್ಲಿ ಕರಡಿಗೆ. ಅವಳು ಇವಳ ಕೈ ನೋಡಿದಳು, ಇವಳು ಅವಳ ಗದ್ದ ನೋಡಿದಳು.

ಗುರುಬಸವರಾಜನೂ ಶಾಂತಲಾಳೂ ನಗುತ್ತ ಬಂದರು. ಬಾಟಲಿ ಅಷ್ಟರಲ್ಲಿ ಕೆಳಗೆ ಸೇರಿತ್ತು.

"ಸೀಟಿನ ಸಂದೀಲಿ ಸಿಕ್ತು," ಎಂದಳು ವಿಜಯಶ್ರೀ.

"ಹೂಂ, ಸಂದೀಲೇ ಇತ್ತು," ಎಂದಳು ಸಾವಂತ್ರಮ್ಮ.

ಗುರುಬಸವರಾಜನ ಕಣ್ಣಲ್ಲಿ ನೀರು ಬಂತು. "ನೋಡ್ರೀ ನಮ್ಮವ್ವನ ನಿಷ್ಠೆ! ಬೆಳಿಗ್ಗೆಯಿಂದ ಹನಿ ನೀರು ಮುಟ್ಟಿಲ್ಲ, ಲಿಂಗ ತಾನಾಗೇ ಬಂತು," ಎಂದು ಬೋಗಿಗೆಲ್ಲ ಸಾರಿದ. ಅತ್ತ ಸಾಲಿನ ಹೆಂಗಸು ಎದ್ದು ಬಂದು ಸಾವಂತ್ರಮ್ಮನ ಕಾಲು ಮುಟ್ಟಿದಳು. ಸಾವಂತ್ರಮ್ಮ ಬೇಡ ಎನ್ನಲಿಲ್ಲ. ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡಗೈಯಲ್ಲಿಟ್ಟು, ಕಣ್ಣು ಮುಚ್ಚಿ ಪೂಜೆ ಮಾಡಿದಳು. ಆಮೇಲೆ ಕಡಿದ ದಾರಕ್ಕೆ ಗಂಟುಹಾಕಿ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಂಡು, ಮಗನ ಕೈಯಿಂದ ಲೋಟದಲ್ಲಿ ನೀರು ಇಸಕೊಂಡು, ಆ ದಿನದ ಮೊದಲ ಗುಟುಕೆಂಬಂತೆ ನಿಧಾನವಾಗಿ ಕುಡಿದಳು.

ವಿಜಯಶ್ರೀ ಗೆದ್ದಿದ್ದಳು. ಇಷ್ಟು ವರ್ಷ ಬಯಸಿದ್ದು ಇದನ್ನೇ ಅಲ್ಲವೇ? ಆದರೆ ಒಳಗೆ ಏನೋ ಕುಸಿಯುತ್ತಿತ್ತು. ಕುಡಿಯಬೇಡ ಎಂದು ಮನಸ್ಸು ಯಾಕೆ ಅಂಗಲಾಚಿತ್ತು ಎಂದು ಈಗ ತಿಳಿಯಿತು. ಈ ಮುದುಕಿ ಅರ್ಧ ಹಗಲು ತಡೆಯಲಾರದೆ ಕದ್ದು ಕುಡಿದ ಮೇಲೆ, ಆ ಕಾನೂನು ಎಲ್ಲಿ ಉಳಿಯಿತು? ಮಗು ಯಾವ ದೊಡ್ಡದಕ್ಕೆ ಹೋಯಿತು?

ಎಲೆ ಹಾಕಿ ಊಟ ಮುಗಿಸಿ, ಅಪ್ಪ ಮಗಳು ಮತ್ತೆ ಬಾಗಿಲ ಕಡೆ ಹೋದರು. ಆಗ ವಿಜಯಶ್ರೀ ಮದುವೆಯಾದಾಗಿನಿಂದ ಆಡದಿದ್ದ ಎದುರು ಮಾತು ಆಡಿದಳು.

"ನೀವು ಕುಡಿದ್ರಿ, ಅತ್ತೆ."

"ನೀನು ಕದ್ದೆ."

"ಹೌದು, ಕದ್ದೆ. ಆದ್ರೆ ಅವತ್ತು ನಾನು ಕುಡೀಲಿಲ್ಲ. ನೀವು ಚೊಂಬು ತಂದು ತಲೆ ಹತ್ರ ಇಟ್ಟು ಹೋದ್ರೂ ಕುಡೀಲಿಲ್ಲ."

ಸಾವಂತ್ರಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು. ಆ ಮುಖದಲ್ಲಿ ನಾಚಿಕೆ ಇರಲಿಲ್ಲ, ಹಳೆಯ ಸಿಟ್ಟಿತ್ತು.

"ಚೊಂಬು ಯಾಕೆ ಇಟ್ಟಿದ್ದೆ ಅಂತ ತಿಳಕೊಂಡಿದ್ದೀಯ? ನೋಡಾಕಾ? ನಾನು ಕೆರೆಬಿಳಚಿಯಿಂದ ಹೊಸದಾಗಿ ಬಂದಾಗ ಲಿಂಗ ಕಳಕೊಂಡಿದ್ದೆ. ನಮ್ಮತ್ತೇನೂ ಹಿಂಗೇ ಕುಡೀಬ್ಯಾಡ ಅಂದ್ಲು, ಕತ್ತಲಾದ ಮ್ಯಾಲೆ ಚೊಂಬು ಇಟ್ಟು ದೀಪ ಆರಿಸಿ ಹೋದ್ಲು. ನಾನು ಕುಡಿದೆ. ಬೆಳಿಗ್ಗೆ ಅವಳು ಖಾಲಿ ಚೊಂಬು ಎತ್ಕೊಂಡು ಹೋದ್ಲು. ಅವಳೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಎಲ್ಲಾರೂ ಕುಡಿಯೋದೇ ಹಂಗೆ. ಇದನ್ನ ಬಾಯಿ ಬಿಟ್ಟು ಹೇಳಾಕೆ ಬರ್ತದೇನೇ? ಹೆಣ್ಣಾಗಿ ಹುಟ್ಟಿದೋಳಿಗೆ ಅಷ್ಟು ತಿಳೀಬ್ಯಾಡ್ವಾ?"

ವಿಜಯಶ್ರೀ ಕಾಲ ಬಳಿಯ ಬಾಟಲಿಯನ್ನು ನೋಡಿದಳು.

"ಬೆಳಗಾದ್ರೆ ಬಂದು ನೋಡ್ತೀನಿ, ಚೊಂಬು ತುಂಬಿದಂಗೇ ಐತೆ. ಮರುದಿನ ನೋಡ್ತೀನಿ, ಆಗ್ಲೂ ತುಂಬಿದಂಗೇ ಐತೆ. ಬಸುರಿ ಹೆಂಗಸು, ಎಂಥ ಹಟ ನಿಂದು!" ಸಾವಂತ್ರಮ್ಮ ಎದೆಯ ಮೇಲಿನ ಕರಡಿಗೆಯನ್ನು ಸರಿಮಾಡಿಕೊಂಡಳು. "ನನ್ನ ಮೊಮ್ಮಗನ್ನ ನೀನು ಕೊಂದೆ. ಇಷ್ಟು ವರ್ಷ ನಾನು ಅದನ್ನ ಯಾರ ಮುಂದೂ ಹೇಳ್ಲಿಲ್ಲ."

ರೈಲು ಕೊನೆಯ ಸುರಂಗ ದಾಟಿ ಬಯಲಿಗಿಳಿಯಿತು. ಜನ ಚೀಲ ಇಳಿಸಿಕೊಳ್ಳಲು ಎದ್ದರು. ಶಾಂತಲಾ ಓಡಿ ಬಂದು, ಬುಟ್ಟಿಯ ಪಕ್ಕದ ಬಾಟಲಿ ಎತ್ತಿ ಅಲ್ಲಾಡಿಸಿ, "ಅಮ್ಮ, ನೀನೂ ಬೆಳಿಗ್ಗೆಯಿಂದ ನೀರೇ ಕುಡಿದಿಲ್ಲ, ಊಟದಾಗೂ ಕುಡೀಲಿಲ್ಲ. ಮುಖ ಹೆಂಗಾಗೈತೆ ನೋಡು. ತಗೋ," ಎಂದು ಕೈಗಿಟ್ಟಳು.

ವಿಜಯಶ್ರೀ ಅತ್ತೆಯ ಕಡೆಯಿಂದ ಮುಖ ತಿರುಗಿಸಿ, ಬಾಟಲಿ ಎತ್ತಿ, ಉಳಿದಿದ್ದನ್ನೆಲ್ಲ ಕುಡಿದಳು. ಸಾವಂತ್ರಮ್ಮ ಖಾಲಿ ಬಾಟಲಿಯನ್ನು ಇಸಕೊಂಡು, ಬೆಳಕಿಗೆ ಹಿಡಿದು ನೋಡಿ, ಚೀಲದೊಳಗೆ ಹಾಕಿಕೊಂಡಳು.